ಎಪ್ಪತ್ತೊಂದು ಮಿಲಿಮೀಟರಿನ ಸುಖ

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬಡಗಿಯ ಬದುಕು ಹನ್ನೆರಡು ಅಂಕ ಸುಧಾರಿಸಿತು. ಆ ವಿಷಯ ಬಡಗಿಗೆ ಮಾತ್ರ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಆಸ್ಪತ್ರೆಯ ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ ಕೂತಿದ್ದ ಸ್ಕೇಲಮ್ಮನಿಗೆ. 'ಶಸ್ತ್ರಚಿಕಿತ್ಸೋತ್ತರ ಜೀವನ ಗುಣಮಟ್ಟ ಮಾಪನಾಧಿಕಾರಿ' ಎಂಬ ಅವಳ ಹುದ್ದೆಯ ಹೆಸರು ಬಾಗಿಲ ಮೇಲೆ ಎರಡು ಸಾಲು ಹಿಡಿದಿತ್ತು. ಅದನ್ನು ಹೇಳಲು ನಾಲಿಗೆ ಹೊರಳದ ಆಯಾಗಳು ಅವಳ ಕೋಟಿನ ಜೇಬಿನಿಂದ ಸದಾ ಇಣುಕುವ ಉಕ್ಕಿನ ಸ್ಕೇಲನ್ನು ನೋಡಿ 'ಸ್ಕೇಲಮ್ಮ' ಎಂದರು. ಆ ಹೆಸರೇ ನಿಂತಿತು. ಸಂಖ್ಯಾಶಾಸ್ತ್ರದಲ್ಲಿ ಎರಡನೇ ರ್‍ಯಾಂಕ್ ಪಡೆದವಳಿಗೆ ಇದರಿಂದ ಬೇಸರವೇನೂ ಆಗಿರಲಿಲ್ಲ. ಡಾಕ್ಟರುಗಳಿಗೆ ಇಟ್ಟ ಹೆಸರುಗಳ ಮುಂದೆ ಇದು ಬಿರುದು.

ಕೆಲಸ ಸರಳ. ಹಾಳೆಯ ಮೇಲೆ ಹತ್ತು ಸೆಂಟಿಮೀಟರಿನ ಒಂದು ಅಡ್ಡಗೆರೆ. ಎಡತುದಿಯಲ್ಲಿ ಸೊನ್ನೆ, ಅಂದರೆ 'ನಾನು ಊಹಿಸಬಹುದಾದ ಅತ್ಯಂತ ಕೆಟ್ಟ ಬದುಕು'. ಬಲತುದಿಯಲ್ಲಿ ನೂರು, 'ಅತ್ಯುತ್ತಮ ಬದುಕು'. ಆಪರೇಷನ್ನಿಗೆ ಮುಂಚೆ ಕೆಳಗಿನ ದಾಖಲಾತಿ ಕೌಂಟರಿನಲ್ಲಿ ರೋಗಿ ಈ ಗೆರೆಯ ಮೇಲೆ ತನ್ನ ಬದುಕು ಎಲ್ಲಿದೆಯೋ ಅಲ್ಲಿ ಒಂದು ಗೀರು ಹಾಕಬೇಕು. ಆರು ತಿಂಗಳಾದ ಮೇಲೆ ಸ್ಕೇಲಮ್ಮನ ಕೋಣೆಯಲ್ಲಿ ಇನ್ನೊಂದು ಗೀರು. ಸೊನ್ನೆಯಿಂದ ಗೀರಿನವರೆಗೆ ಎಷ್ಟು ಮಿಲಿಮೀಟರೋ ಅಷ್ಟು ಅಂಕ. ಎರಡರ ನಡುವೆ ಹತ್ತು ಅಂಕ ಏರಿದ್ದರೆ ಕಂಪ್ಯೂಟರಿನಲ್ಲಿ ಹಸಿರು ಮುಖವೊಂದು ಹಲ್ಲು ಕಿರಿಯುತ್ತದೆ, ಕಡತ ಮುಚ್ಚುವ ಸಾಲಿಗೆ ಸೇರುತ್ತದೆ. ಏರದಿದ್ದರೆ ರೋಗಿಯನ್ನು ಮತ್ತೆ ಕರೆಸಿ ಡಾಕ್ಟರು ನೋಡಬೇಕು.

ಮನುಷ್ಯರು ತಮ್ಮ ಸುಖವನ್ನು ತಾವೇ ಅಳೆಯುವ ಚೆಂದವನ್ನು ಸ್ಕೇಲಮ್ಮ ಒಂದು ವರ್ಷದಿಂದ ನೋಡುತ್ತಿದ್ದಳು. ನಿವೃತ್ತ ಹೆಡ್ಮಾಸ್ತರರೊಬ್ಬರು ಗೆರೆಯನ್ನು ಬಿಟ್ಟು ಪ್ರಶ್ನೆಪತ್ರಿಕೆಯ ಅಲ್ಪವಿರಾಮಗಳನ್ನು ತಿದ್ದಿ, ಇಡೀ ಹಾಳೆಗೆ ಮೂವತ್ತೈದು ಅಂಕ ಕೊಟ್ಟು ಪಾಸು ಮಾಡಿ ಹೋಗಿದ್ದರು. ಗಂಡ ಹೆಂಡತಿ ಇಬ್ಬರೂ ಮಂಡಿ ಬದಲಾಯಿಸಿಕೊಂಡ ಮನೆಯ ಹೆಂಗಸು, "ನಮ್ಮನೆಯವ್ರು ಎಷ್ಟು ಹಾಕಿದಾರೆ? ಅದಕ್ಕಿಂತ ಎರಡು ಕಮ್ಮಿ ಹಾಕೊಳ್ಳಿ, ಇಲ್ಲಾಂದ್ರೆ ನೀನೇ ಹಾಯಾಗಿದೀಯಲ್ಲ ಅಂತಾರೆ," ಎಂದಿದ್ದಳು. ತಕ್ಕಡಿಯಲ್ಲಿ ಕಪ್ಪೆ ತೂಗುವ ಕೆಲಸ. ಆದರೂ ಮುನ್ನೂರ ಎಂಬತ್ತಾರು ಕಪ್ಪೆಗಳನ್ನು ಒಟ್ಟಿಗೆ ತೂಗಿದರೆ ಸರಾಸರಿ ಸತ್ಯವನ್ನೇ ಹೇಳುತ್ತದೆ ಎಂದು ಅವಳು ಕಲಿತ ಶಾಸ್ತ್ರ ಹೇಳುತ್ತಿತ್ತು. ಸರಾಸರಿ ಚೆನ್ನಾಗಿಯೇ ಇತ್ತು. ಮುಂಚೆ ಮೂವತ್ತನಾಲ್ಕು, ಆಮೇಲೆ ಐವತ್ತೆರಡು. ಹದಿನೆಂಟು ಅಂಕಗಳ ಏರಿಕೆ. ಬರುವ ಶುಕ್ರವಾರ ನಿರ್ದೇಶಕರು ಅದನ್ನು ದೊಡ್ಡ ಸಭೆಯಲ್ಲಿ ಘೋಷಿಸುವವರಿದ್ದರು. ಅದೇ ಸಂಜೆ ಹಸಿರು ಮುಖದ ಕಡತಗಳೆಲ್ಲ ಒಟ್ಟಿಗೆ ಮುಚ್ಚಿಹೋಗುವುದಿತ್ತು.

ಬಡಗಿ ಗೀರು ಹಾಕಿದ ರೀತಿಯೇ ಬೇರೆಯಾಗಿತ್ತು. ಅವಳು ಕೊಟ್ಟ ಪೆನ್ನನ್ನು ಪಕ್ಕಕ್ಕಿಟ್ಟು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಒಂದು ಕಣ್ಣು ಮುಚ್ಚಿ, ಕೂದಲೆಳೆಯಂಥ ಗೀರನ್ನು ಎಳೆದ. ಸ್ಕೇಲಮ್ಮ ಅಳೆದಳು. ಕಂಪ್ಯೂಟರು ಹಲ್ಲು ಕಿರಿಯಿತು.

"ಒಳ್ಳೇದಾಯ್ತು ಅಣ್ಣಾ. ಮುಂಚೆ ಮೂವತ್ತೆರಡು ಇತ್ತು, ಈಗ ನಲವತ್ನಾಲ್ಕು. ಹನ್ನೆರಡು ಜಾಸ್ತಿ. ಸುಧಾರಣೆ ಆಗಿದೆ."

"ಯಾರಿಗೆ?"

"ನಿಮಗೆ."

ಬೇರೆ ಯಾರೋ ನಿಂತಿರಬೇಕು ಎಂಬಂತೆ ಬಡಗಿ ಹಿಂದಕ್ಕೆ ತಿರುಗಿ ನೋಡಿದ. "ತಾಯೀ, ಅವತ್ತು ಕೆಳಗೆ ಕೌಂಟರಲ್ಲಿ ಅರ್ಧಕ್ಕಿಂತ ಒಂಚೂರು ಹಿಂದೆ ಗೀರಿದ್ದೆ. ಇವತ್ತು ಅಲ್ಲಿಂದ ಇನ್ನೊಂದು ಎಳೆ ಹಿಂದೆ ಗೀರಿದೀನಿ. ಹನ್ನೆರಡು ಎಲ್ಲಿಂದ ಉದುರ್ತು?"

"ಆರು ತಿಂಗಳ ಹಿಂದೆ ಎಲ್ಲಿ ಗೀರಿದ್ರಿ ಅನ್ನೋದು ಯಾರಿಗಣ್ಣಾ ನೆನಪಿರುತ್ತೆ?"

"ನಲವತ್ತು ವರ್ಷದಿಂದ ಗೀರೋದೇ ನನ್ನ ಕೆಲ್ಸ. ಗೀರಿದ್ದು ಮರೆತ್ರೆ ಬಾಗ್ಲು ಚೌಕಟ್ಟಿಗೆ ಕೂರಲ್ಲ."

ರೋಗಿಯ ಮಾತು ತಮ್ಮ ಅಂಕಿಗೆ ಹೊಂದದಿದ್ದಾಗ ಬಳಸಲು ವಿಜ್ಞಾನಿಗಳ ಬಳಿ 'ನೆನಪಿನ ದೋಷ' ಎಂಬ ಒಳ್ಳೆಯ ಪದವಿದೆ. ಸ್ಕೇಲಮ್ಮ ಮನಸ್ಸಿನಲ್ಲೇ ಅದನ್ನು ಬಳಸಿದಳು. ಬಾಯಲ್ಲಿ, "ಮತ್ತೆ ತೊಂದ್ರೆ ಏನಣ್ಣಾ?" ಎಂದಳು.

"ಸೊಂಟದ ಕೀಲು ಹೊಸದು ಹಾಕಿದ್ರಲ್ಲ, ಆವತ್ತಿಂದ ಬಲಗಾಲು ಹದಿನಾರು ಎಂಎಂ ಉದ್ದ ಆಗಿದೆ. ಬೆಂಚಿನ ಮುಂದೆ ನೆಟ್ಟಗೆ ನಿಲ್ಲಕ್ಕಾಗಲ್ಲ. ಒಂದು ಗಂಟೆ ಕೀಸುಳಿ ಹೊಡೆದ್ರೆ ಬೆನ್ನು ಹರಿದು ಬರುತ್ತೆ. ಡಾಕ್ಟ್ರಿಗೆ ಹೇಳ್ದೆ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ ಅಂತ ನಕ್ಕುಬಿಟ್ರು."

"ನೀವೇನಂದ್ರಿ?"

"ನೆಲಕ್ಕೆ ರಸಮಟ್ಟ ಇಟ್ಟು ನೋಡಿದೀನಿ ಡಾಕ್ಟ್ರೇ, ಸಮ ಇದೆ, ಕಾಲೇ ಡೊಂಕು ಅಂದೆ. ಮುಂದಿನ ರೋಗೀನ ಕರೆದ್ರು."

ಕಾಲಿನ ಉದ್ದ ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ. ಕೆಳಗೆ 'ನಿಮ್ಮ ಮೆಚ್ಚುಗೆಯ ಮಾತುಗಳು' ಎಂದು ಎರಡು ಸಾಲು ಖಾಲಿ ಬಿಟ್ಟಿದ್ದರು. ಬಡಗಿ ಅಲ್ಲಿ ದುಂಡಗೆ ಬರೆದ: 'ಬಲಗಾಲು 16 ಎಂಎಂ ಉದ್ದ'. ಕಂಪ್ಯೂಟರು ಅದನ್ನು ಆ ತಿಂಗಳ ನಲವತ್ತೊಂದನೇ ಮೆಚ್ಚುಗೆ ಎಂದು ಎಣಿಸಿಕೊಂಡಿತು.

"ಕಡತ ಮುಚ್ಚಿದ್ರೆ ಮತ್ತೆ ನೋಡಲ್ವಾ?" ಎಂದು ಬಡಗಿ ಬಾಗಿಲಲ್ಲಿ ಕೇಳಿದ.

"ಹೊಸದಾಗಿ ದಾಖಲಾಗ್ಬೇಕು. ಸುಧಾರಿಸಿದವ್ರ ಸರದಿ ಕೊನೇಲಿ ಬರುತ್ತೆ."

"ಕೊನೆ ಅಂದ್ರೆ?"

"ಹದಿನಾಲ್ಕು ತಿಂಗಳು."

"ಅಷ್ಟೊತ್ತಿಗೆ ಎಡಗಾಲೂ ಬೆಳೆದು ಸಮ ಆಗ್ಬಹುದು, ಬಿಡಿ," ಎಂದು ಬಡಗಿ ಮೆಟ್ಟಿಲಿಳಿದ. ಒಂದು ಹೆಜ್ಜೆ ಟಕ್ಕೆಂದರೆ ಇನ್ನೊಂದು ಧಪ್ಪೆನ್ನುತ್ತಿತ್ತು. ಮೂರು ಮಹಡಿಯವರೆಗೂ ಸ್ಕೇಲಮ್ಮನಿಗೆ ಅದು ಕೇಳಿಸಿತು.

ಸಂಜೆ ಮನೆಯಲ್ಲಿ ಅವಳ ಅಮ್ಮ ಎಂದಿನಂತೆ, "ಇವತ್ತು ಎಷ್ಟು ಜನ ಸುಖವಾಗಿದಾರಂತೆ?" ಎಂದು ಕೇಳಿದಳು. ಅಮ್ಮನಿಗೆ ಮಗಳ ಕೆಲಸ ಇನ್ನೂ ನಗೆಪಾಟಲು.

"ಹತ್ತು. ಅವರಲ್ಲಿ ಒಬ್ಬ ನಾನಿಲ್ಲ ಅಂತ ಜಗಳ ಮಾಡ್ದ."

"ಅವನೊಬ್ಬನೇ ನಿಜ ಹೇಳಿದ್ದು ಅನ್ಸುತ್ತೆ. ಹೇಗಿದೀರಾ ಅಂದ್ರೆ ಮಿಕ್ಕವ್ರು ಚೆನ್ನಾಗಿದೀವಿ ಅನ್ನೋದು ಬಿಟ್ಟು ಇನ್ನೇನಂತಾರೆ?"

'ಇನ್ನೊಂದು ಎಳೆ ಹಿಂದೆ' ಎಂದ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಸ್ಕೇಲಮ್ಮನನ್ನು ಕಾಡುತ್ತಿತ್ತು. ಸುಳ್ಳು ಹೇಳುವವರು ಅಷ್ಟು ಸಣ್ಣ ಸುಳ್ಳು ಹೇಳುವುದಿಲ್ಲ.

ಬುಧವಾರ ಊಟದ ಬಿಡುವಿನಲ್ಲಿ ಅವಳು ಬಡಗಿಯ ಶೆಡ್ಡಿಗೆ ಹೋದಳು. ತಗಡಿನ ಮಾಡು, ನೆಲದ ತುಂಬ ಸುರುಳಿ ಸುರುಳಿ ಹೊಟ್ಟು, ಗೋಡೆಯ ಮೇಲೆ ಪ್ರತಿ ಉಳಿಗೂ ಅದರದೇ ಆಕಾರದ ನೆರಳು ಬರೆದಿಟ್ಟ ಹಲಗೆ. ಬಡಗಿಯ ಎಡಗಾಲ ಕೆಳಗೆ ಪ್ಲೈವುಡ್ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿತ್ತು. ಅವನ ಹೆಂಡತಿ ಬಾಗಿಲಿನ ಒಂದು ಪಟ್ಟಿಗೆ ಉಪ್ಪುಕಾಗದ ಉಜ್ಜುತ್ತ ಕೂತಿದ್ದಳು.

"ಬನ್ನಿ ಮೇಡಂ. ಇವರಿಗೆ ಸುಧಾರಣೆ ಆಗಿದೆ ಅಂದ್ರಂತಲ್ಲ? ನಂಗೂ ಒಂಚೂರು ತೋರಿಸಿ, ಆರು ತಿಂಗಳಿಂದ ಹುಡುಕ್ತಾ ಇದೀನಿ."

"ಸುಮ್ನಿರೇ."

"ಯಾಕೆ ಸುಮ್ನಿರ್ಲಿ? ಮೊಳೆ ಸಡಿಲಾದ ಪಟದ ಥರ ವಾಲ್ಕೊಂಡು ನಿಂತಿರ್ತಾರೆ ಮೇಡಂ. ಕಂಡಾಗೆಲ್ಲ ಹೋಗಿ ನೆಟ್ಟಗೆ ಮಾಡೋಣ ಅನ್ಸುತ್ತೆ. ಈ ತಿಂಗಳು ಎರಡು ಬಾಗ್ಲು ವಾಪಸ್ ಬಂತು. ಇವರ ಕೈಯಿಂದ! ನಮ್ಮ ಮಾವನವ್ರ ಕಾಲದಿಂದ ಈ ಶೆಡ್ಡಿಂದ ಒಂದು ಬಾಗ್ಲು ವಾಪಸ್ ಬಂದಿರ್ಲಿಲ್ಲ."

ಹಿಂತಿರುಗಿದ ಬಾಗಿಲುಗಳು ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದವು.

"ಹದಿನಾರು ಅಂತ ಹೇಗೆ ಗೊತ್ತಾಯ್ತು ಅಣ್ಣಾ?"

"ನಾಲ್ಕು ಎಂಎಂ ಪ್ಲೈ. ಎಡಗಾಲ ಕೆಳಗೆ ಒಂದೊಂದೇ ಇಡ್ತಾ ಹೋದೆ, ಇವಳು ಸೊಂಟಕ್ಕೆ ರಸಮಟ್ಟ ಹಿಡಿದ್ಳು. ನಾಲ್ಕನೇದಕ್ಕೆ ಗುಳ್ಳೆ ನಡುವೆ ಬಂದು ನಿಂತ್ಕೊಂತು. ನಾಲ್ಕ್ ನಾಲ್ಕಲೇ ಹದಿನಾರು."

ಸ್ಕೇಲಮ್ಮನ ಅಧ್ಯಾಪಕರು ಎರಡು ವರ್ಷ ಕಲಿಸಿದ್ದು ಇದನ್ನೇ, ಆದರೆ ಇಷ್ಟು ಚಿಕ್ಕದಾಗಿ ಅಲ್ಲ.

"ಗೀರಿನ ವಿಷ್ಯ ಕೇಳಕ್ಕೆ ಬಂದೆ."

ಬಡಗಿ ಗೋಡೆಯ ಹಲಗೆಯ ಹಿಂದಿನಿಂದ ಮಡಚಿದ ಒಂದು ಚೀಟಿ ತೆಗೆದ. ಕೌಂಟರಿನವರು ರೋಗಿಗೆಂದು ಕೊಟ್ಟ ಪ್ರತಿ. ಅದೇ ಗೆರೆ, ಅದೇ ಸೊನ್ನೆ, ಅದೇ ನೂರು, ಅದೇ ಕೂದಲೆಳೆಯ ಗೀರು. ಹಾಳೆ ಮಾತ್ರ ಅರ್ಧ. ಸ್ಕೇಲಮ್ಮ ಜೇಬಿಗೆ ಕೈ ಹಾಕುವಷ್ಟರಲ್ಲಿ ಬಡಗಿ ತನ್ನ ಅಳತೆಪಟ್ಟಿಯನ್ನು ಗೆರೆಯ ಮೇಲೆ ಮಲಗಿಸಿದ್ದ. ಗೀರಿನ ಮೇಲಲ್ಲ, ಗೆರೆಯ ಮೇಲೆ. ತುದಿಯಿಂದ ತುದಿಗೆ.

"ಎಪ್ಪತ್ತೊಂದು," ಎಂದ. ಎರಡನೇ ಸಲ ಅಳೆದ. "ಹೂಂ, ಎಪ್ಪತ್ತೊಂದು. ನೂರು ಅಂತ ಬರೆದು ಎಪ್ಪತ್ತೊಂದು ಕೊಟ್ಟಿದೀರಲ್ಲ ತಾಯೀ. ನಾನು ಹಿಂಗೆ ಮಾಡಿದ್ರೆ ಜನ ಬಾಗ್ಲು ತಂದು ನನ್ನ ತಲೆಗೇ ಹಾಕ್ತಾರೆ."

ಸ್ಕೇಲಮ್ಮ ಹೊಟ್ಟಿನ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಎಪ್ಪತ್ತೊಂದರಲ್ಲಿ ಮೂವತ್ತೆರಡು ಎಂದರೆ ನೂರರಲ್ಲಿ ನಲವತ್ತೈದು. ಈಗ ನಲವತ್ತನಾಲ್ಕು. ಒಂದು ಎಳೆ ಹಿಂದೆ.

ಗುರುವಾರ ಬೆಳಿಗ್ಗೆ ಅವಳು ದಾಖಲಾತಿ ಕೌಂಟರಿಗೆ ಇಳಿದಳು. ಅಲ್ಲಿನ ಗುಮಾಸ್ತನನ್ನು ಎಲ್ಲರೂ ಕೌಂಟರಣ್ಣ ಎನ್ನುತ್ತಿದ್ದರು. ಅವನ ತಲೆಯ ಮೇಲೆ ಕಟ್ಟು ಹಾಕಿಸಿದ ಪ್ರಶಸ್ತಿಪತ್ರವೊಂದು ತೂಗುತ್ತಿತ್ತು: 'ಕಾಗದ ಉಳಿತಾಯದಲ್ಲಿ ಪ್ರಥಮ'. ಕೆಳಗೆ ನಿರ್ದೇಶಕರ ಸಹಿ.

"ಒಂದೇ ಒಂದು ಗೆರೆಗೆ ಇಡೀ ಹಾಳೆ ದಂಡ ಅಲ್ವಾ ಮೇಡಂ? ಜೆರಾಕ್ಸಲ್ಲಿ ಚಿಕ್ಕದು ಮಾಡಿ ಒಂದು ಹಾಳೇಲಿ ಎರಡು ಕೂರಿಸ್ದೆ. ಎರಡರಲ್ಲೂ ಗೀರಿಸ್ಕೊಂಡು ಮೇಲಿನ ಅರ್ಧ ನಮಗೆ, ಕೆಳಗಿನ ಅರ್ಧ ರೋಗಿಗೆ," ಎಂದ ಕೌಂಟರಣ್ಣ ಹೆಮ್ಮೆಯಿಂದ.

"ಮತ್ತೆ ಅಳೆದದ್ದು?"

"ನಿಮ್ಮ ಸೂಚನೆ ಪ್ರಕಾರಾನೇ!" ಗಾಜಿನ ಕೆಳಗಿನ ಹಾಳೆಯನ್ನು ಬೆರಳಿಟ್ಟು ಓದಿದ. "'ಸೊನ್ನೆಯಿಂದ ಗೀರಿನವರೆಗೆ ಮಿಲಿಮೀಟರಿನಲ್ಲಿ ಅಳೆದು ಬರೆಯಿರಿ.' ಅಳೆದೆ, ಬರೆದೆ. ಗೆರೆ ಅಳೀರಿ ಅಂತ ಎಲ್ಲೂ ಇಲ್ಲ ನೋಡಿ."

ಇರಲಿಲ್ಲ. ಆ ಸೂಚನೆ ಬರೆದವಳು ಸ್ಕೇಲಮ್ಮನೇ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಆದರೆ ಯಾರಾದರೂ ಅಂಗೈಯನ್ನು ನೋಡಬೇಕಲ್ಲ. ಕೆಳಗಿನವನು ಮೇಲಿನ ಹಾಳೆ ನೋಡಿರಲಿಲ್ಲ, ಮೇಲಿನವಳು ಕೆಳಗಿನ ಹಾಳೆ ನೋಡಿರಲಿಲ್ಲ. ಇಬ್ಬರ ನಡುವೆ ಅಂಕಿಗಳು ಮಾತ್ರ ಓಡಾಡುತ್ತಿದ್ದವು. ಆಪರೇಷನ್ನಿಗೆ ಮುಂಚೆ ಎಪ್ಪತ್ತೊಂದಕ್ಕಿಂತ ಹೆಚ್ಚು ಸುಖಪಡಲು ಈ ಆಸ್ಪತ್ರೆಯಲ್ಲಿ ಯಾರಿಗೂ ಅವಕಾಶವೇ ಇರಲಿಲ್ಲ. ಕೀಲು ಸವೆದು ಬಂದವರಲ್ಲಿ ಅಷ್ಟು ಸುಖಿಗಳು ಇಲ್ಲದ್ದರಿಂದ ಯಾರೂ ದೂರಲಿಲ್ಲ, ಅಷ್ಟೇ.

ದಿನವಿಡೀ ಕಡತದ ಕೋಣೆಯಲ್ಲಿ ಕೂತು ಅವಳು ಮುನ್ನೂರ ಎಂಬತ್ತಾರು ಗೆರೆಗಳನ್ನೂ ಅಳೆದಳು. ಎಲ್ಲವೂ ಎಪ್ಪತ್ತೊಂದು. ಕೌಂಟರಣ್ಣನ ಶಿಸ್ತನ್ನು ಮೆಚ್ಚಲೇಬೇಕಿತ್ತು. ಸರಿಪಡಿಸಿ ಕೂಡಿದಾಗ ಮುಂಚಿನ ಸರಾಸರಿ ಮೂವತ್ತನಾಲ್ಕಲ್ಲ, ನಲವತ್ತೆಂಟು. ಹದಿನೆಂಟು ಅಂಕಗಳ ಸುಧಾರಣೆಯಲ್ಲಿ ನಾಲ್ಕನ್ನು ಡಾಕ್ಟರುಗಳು ಕೊಟ್ಟಿದ್ದರು. ಉಳಿದ ಹದಿನಾಲ್ಕನ್ನು ಕೊಟ್ಟದ್ದು ಜೆರಾಕ್ಸ್ ಮೆಷಿನ್ನು. ಅದೂ ಅರಿವಳಿಕೆಯಿಲ್ಲದೆ, ಒಂದು ಹೊಲಿಗೆಯೂ ಇಲ್ಲದೆ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ನಿರ್ದೇಶಕರ ಮುಂದೆ ನಿಂತಾಗ ಮೇಜಿನ ಮೇಲೆ ಅಚ್ಚಾಗಿ ಬಂದ ಪುಸ್ತಿಕೆಗಳಿದ್ದವು. ರಕ್ಷಾಪುಟದಲ್ಲಿ ಬೆಟ್ಟ ಹತ್ತುತ್ತಿರುವ ಒಬ್ಬ ಮುದುಕ, ಅವನ ತಲೆಯ ಮೇಲೆ '+18'. ಎದುರಿನ ಕುರ್ಚಿಯಲ್ಲಿ ಕೀಲು ಡಾಕ್ಟರು ಕಾಲಮೇಲೆ ಕಾಲು ಹಾಕಿ ಕೂತಿದ್ದರು. ಎರಡೂ ಒಂದೇ ಉದ್ದ.

ಸ್ಕೇಲಮ್ಮ ಹೇಳಿ ಮುಗಿಸಿದಳು. ನಿರ್ದೇಶಕರು ಕನ್ನಡಕ ತೆಗೆದರು.

"ನಾಲ್ಕು? ನಾಲ್ಕು ಅನ್ನೋದನ್ನ ಯಾರಾದ್ರೂ ಪುಸ್ತಿಕೆ ಮೇಲೆ ಹಾಕ್ತಾರೇನಮ್ಮ?"

"ಗೆರೆ ಚಿಕ್ಕದಾಗಿತ್ತು ಸರ್."

"ಚಿಕ್ಕ ಗೆರೆ, ದೊಡ್ಡ ಗೆರೆ. ಮನುಷ್ಯನ ನೋವು ನಲಿವು ಅಳೆಯೋ ವಿಷ್ಯದಲ್ಲಿ ಇಷ್ಟು ಸಣ್ಣತನ ಮಾಡ್ಬಾರ್ದು." ಸ್ವಲ್ಪ ಯೋಚಿಸಿದರು. ಮುಖ ಬೆಳಗಿತು. "ಅದಿರ್ಲಿ, ಆಮೇಲಿನ ಫಾರಂನ ಎ-ತ್ರೀ ಹಾಳೇಲಿ ಹಾಕಿದ್ರೆ ಗೆರೆ ಎಷ್ಟು ಬರುತ್ತೆ?"

"ನೂರ ನಲವತ್ತೊಂದು ಸರ್."

"ನೋಡಿದ್ರಾ!" ಎಂದರು ನಿರ್ದೇಶಕರು ಡಾಕ್ಟರ ಕಡೆ ತಿರುಗಿ, ಆಪರೇಷನ್ನುಗಳ ಅಗತ್ಯವೇ ತೀರಿತೆಂಬಂತೆ.

"ಪೇಶೆಂಟ್ ಫೀಲಿಂಗ್ಸಿಗೆಲ್ಲ ಸ್ಕೇಲ್ ಹಿಡಿಯಕ್ಕಾಗುತ್ತಾ?" ಎಂದು ಡಾಕ್ಟರು ನಕ್ಕರು. "ಆ ಬಡಗಿ ತಾನೇ ನಿಮ್ಮ ತಲೆ ಕೆಡಿಸಿದ್ದು? ನೂರಾರು ಕೀಲು ಕೂರಿಸಿದೀನಿ ನಾನು."

"ಅವ್ರು ಸಾವಿರಾರು ಬಾಗ್ಲು ಕೂರಿಸಿದಾರೆ ಸರ್. ಕೂರದೇ ಇದ್ದದ್ದನ್ನ ವಾಪಸ್ ತಗೊಂಡಿದಾರೆ."

ನಿರ್ದೇಶಕರು ಮೆಲ್ಲಗೆ, "ನಿಮ್ಮ ನೇಮಕ ಈ ತಿಂಗಳ ಕೊನೆಗೆ ಮುಗಿಯುತ್ತೆ ಅಲ್ವಾ?" ಎಂದು ವಿಚಾರಿಸಿದರು. ಹಿತೈಷಿಗಳ ಧ್ವನಿ.

"ಹೌದು ಸರ್. ಮೂವತ್ತೊಂದಕ್ಕೆ."

ಅವಳು ಕೈಯಲ್ಲಿದ್ದ ನಿಯಮ ಪುಸ್ತಕವನ್ನು ತೆರೆದು ಏಳನೇ ಪುಟವನ್ನು ಅವರ ಕಡೆ ತಿರುಗಿಸಿಟ್ಟಳು. ಮರುಪರೀಕ್ಷೆಗೆ ಕರೆಸಬೇಕಾದವರ ಪಟ್ಟಿ ಮಾಪನಾಧಿಕಾರಿಯ ಸಹಿಯಿಂದಲೇ ಜಾರಿಗೆ ಬರುತ್ತದೆ ಎಂದು ಅಲ್ಲಿತ್ತು. ಹಿಂದೆ ಅದಕ್ಕೆ ನಿರ್ದೇಶಕರ ಸಹಿಯೂ ಬೇಕಿತ್ತು. ಪ್ರತಿ ವಾರ ಸಹಿ ಹಾಕಲು ಬೇಜಾರಾಗಿ ಅವರೇ ತೆಗೆಸಿದ್ದರು.

"ಸಭೇಲಿ ಎಷ್ಟು ಓದ್ಬೇಕು ಅನ್ನೋದು ನಿಮಗೆ ಬಿಟ್ಟದ್ದು ಸರ್," ಎಂದಳು. "ಆದ್ರೆ ಹಸಿರು ಮುಖ ಬಂದಿದ್ದ ಮುನ್ನೂರ ಒಂಬತ್ತು ಜನರಲ್ಲಿ ನಿಜವಾಗಿ ಹತ್ತು ಅಂಕ ಏರಿದವ್ರು ತೊಂಬತ್ತೆಂಟು. ಮಿಕ್ಕ ಇನ್ನೂರ ಹನ್ನೊಂದು ಜನರ ಪಟ್ಟಿಗೆ ಎಂಟೂವರೆಗೇ ಸಹಿ ಹಾಕಿದೀನಿ. ಕೌಂಟರಣ್ಣ ಪತ್ರ ಕಳಿಸ್ತಾ ಇದಾರೆ. ಒಂದು ಹಾಳೇಲಿ ಎರಡು."

ಸಭೆ ನಡೆಯಿತು. ನಿರ್ದೇಶಕರು ಬೆಟ್ಟ ಹತ್ತುವ ಮುದುಕನನ್ನು ಪಕ್ಕಕ್ಕಿಟ್ಟು, 'ಸಂಖ್ಯೆಗಳಾಚೆಗಿನ ಮಾನವೀಯ ಸ್ಪರ್ಶ' ಎಂಬ ವಿಷಯದ ಮೇಲೆ ಐವತ್ತು ನಿಮಿಷ ಮಾತಾಡಿದರು. ಚಪ್ಪಾಳೆ ಬಿತ್ತು. ಸ್ಕೇಲಮ್ಮನ ನೇಮಕ ಒಂದು ವರ್ಷದ ಬದಲು ಎರಡು ತಿಂಗಳಿಗೆ ಮುಂದುವರಿಯಿತು. ಇನ್ನೂರ ಹನ್ನೊಂದು ಜನರ ಸಿಟ್ಟನ್ನು ಎದುರಿಸಲು ಯಾರಾದರೂ ಕೂತಿರಬೇಕಿತ್ತಲ್ಲ.

ಪತ್ರ ಹಿಡಿದು ಮೊದಲು ಬಂದವನು ಬಡಗಿ. ಮಾರ್ಚ್ 19, ಬುಧವಾರ, ಹನ್ನೊಂದು ಗಂಟೆ. ಎಕ್ಸ್‌ರೇ ಕೋಣೆಯಲ್ಲಿ ಯಂತ್ರದ ಕೆಳಗೆ ಮಲಗಿಕೊಂಡೇ ಅವನು ಎಕ್ಸ್‌ರೇ ತೆಗೆಯುವವನನ್ನು ಕೇಳಿದ: "ಸ್ವಾಮೀ, ಈ ಫೋಟೋ ಇದ್ದಷ್ಟೇ ಬರುತ್ತಾ, ಹೆಚ್ಚುಕಮ್ಮಿ ಬರುತ್ತಾ?"

"ಸ್ವಲ್ಪ ದೊಡ್ಡದಾಗೇ ಬರುತ್ತೆ."

"ಎಷ್ಟು ದೊಡ್ಡದು?"

ಎಕ್ಸ್‌ರೇಯವನು ಸ್ಕೇಲಮ್ಮನ ಮುಖ ನೋಡಿದ. ಹನ್ನೊಂದು ವರ್ಷದ ನೌಕರಿಯಲ್ಲಿ ಯಾರೂ ಕೇಳಿರಲಿಲ್ಲ. ಅಳತೆ ತಿಳಿಯಲೆಂದೇ ಯಂತ್ರದ ಜೊತೆ ಬಂದಿದ್ದ ಇಪ್ಪತ್ತೈದು ಮಿಲಿಮೀಟರಿನ ಉಕ್ಕಿನ ಗುಂಡು ಅವನ ಮೇಜಿನ ಮೇಲೇ ಇತ್ತು. ಬಾಟಲಿಯ ಮುಚ್ಚಳದಲ್ಲಿ ಕೂತು, ಕಾಗದ ಹಾರದಂತೆ ನೋಡಿಕೊಳ್ಳುತ್ತಿತ್ತು. ಸ್ಕೇಲಮ್ಮ ಅದನ್ನು ಎತ್ತಿ ಒರೆಸಿ, ಸೊಂಟದ ಮಟ್ಟಕ್ಕೆ ಅಂಟುಪಟ್ಟಿಯಿಂದ ಕೂರಿಸಿದಳು.

"ಹಾಂ, ಈಗ ಹೊಡೀರಿ," ಎಂದ ಬಡಗಿ.

ಕೀಲು ಡಾಕ್ಟರು ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಬಡಗಿಯ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಡಾಕ್ಟರು ಒಮ್ಮೆ ದೂರದಿಂದ ನೋಡಿದರು, ಒಮ್ಮೆ ಹತ್ತಿರದಿಂದ. ಆಮೇಲೆ ಸ್ಕೇಲಮ್ಮನ ಕಡೆ ಕೈ ಚಾಚಿದರು. ಅವಳು ಉಕ್ಕಿನ ಸ್ಕೇಲನ್ನು ಕೊಟ್ಟಳು.

ಇಪ್ಪತ್ತೈದರ ಗುಂಡು ಫಿಲ್ಮಿನಲ್ಲಿ ಮೂವತ್ತಿತ್ತು. ಎರಡು ಕಾಲುಗಳ ನಡುವಿನ ವ್ಯತ್ಯಾಸ ಫಿಲ್ಮಿನಲ್ಲಿ ಹತ್ತೊಂಬತ್ತು.

"ಈಗ ಯಾರ ನೆಲ ಡೊಂಕು ಅಂತ ಕೇಳ್ರೀ," ಎಂದು ಹೆಂಡತಿ ಗಂಡನಿಗೆ ಪಿಸುಗುಟ್ಟಿದಳು, ಕೋಣೆಗೆಲ್ಲ ಕೇಳುವ ಹಾಗೆ.

ಡಾಕ್ಟರು ಕೇಳಿಸದವರಂತೆ ಹತ್ತೊಂಬತ್ತನ್ನು ಇಪ್ಪತ್ತೈದರಿಂದ ಗುಣಿಸಿ ಮೂವತ್ತರಿಂದ ಭಾಗಿಸಿದರು. ಒಂದು ಸಲ ಮನಸ್ಸಿನಲ್ಲಿ, ಇನ್ನೊಂದು ಸಲ ಹಾಳೆಯ ಅಂಚಿನಲ್ಲಿ. ಬೇರೆ ಉತ್ತರ ಬರಲಿಲ್ಲ. ಕಡತ ತೆರೆದರು. ಎಡ ಚಪ್ಪಲಿಯ ಅಟ್ಟೆ ಎತ್ತರಿಸಲು ಚೀಟಿ ಬರೆದರು, ಮೂರು ತಿಂಗಳಿಗೆ ಮತ್ತೆ ನೋಡುವುದಾಗಿ ಬರೆದರು. ಕೊನೆಗೆ, ಆರು ತಿಂಗಳಿಂದ ಖಾಲಿಯಿದ್ದ ಸಾಲಿನಲ್ಲಿ, ಎಡಗಾಲಿಗಿಂತ ಬಲಗಾಲು ಎಷ್ಟು ಉದ್ದವೆಂದು ಬರೆದರು: 15.8 ಮಿಲಿಮೀಟರ್.